ಬಿಳಿಚೋಡಿನ ಮರಿಗಳೂ ಡಾಕ್ಟರಮ್ಮನ ಸಿಟ್ಟೂ

"ಅವರು ಜೀವಮಾನದಲ್ಲಿ ಯಾರಿಗೂ ಒಂದು ಬಿರುನುಡಿ ಆಡಿದವರಲ್ಲ. ಬಹಳ ಸೌಮ್ಯ ಸ್ವಭಾವ."

ಸಂತಾಪ ಸಭೆಯಲ್ಲಿ ಹೀಗೆ ಹೇಳಿದವರು ನಮ್ಮ ಪಶುವೈದ್ಯ ವೃತ್ತಿಯಲ್ಲೇ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. ಸಭೆ ತಲೆಯಾಡಿಸಿತು. ನನಗೆ ಎದ್ದು ಹೊರಗೆ ಹೋಗಬೇಕೆನ್ನಿಸಿತು. ಸತ್ತವರ ಬಗ್ಗೆ ಒಳ್ಳೆಯದನ್ನೇ ಹೇಳಬೇಕು, ಸರಿ. ಆದರೆ ಹೇಳುವುದು ಆ ಸತ್ತವರ ಬಗ್ಗೆಯೇ ಆಗಿರಬೇಡವೇ? ನಾನು ಬಲ್ಲ ಡಾಕ್ಟರಮ್ಮನಲ್ಲಿ ಸೌಮ್ಯವಾಗಿದ್ದದ್ದು ಕೈ ಒಂದೇ. ಅದೂ ಪ್ರಾಣಿಯ ಮೈಮೇಲೆ ಇದ್ದಾಗ ಮಾತ್ರ. ಉಳಿದಂತೆ ಆಕೆ ಬೆಳಗ್ಗೆ ಎದ್ದರೆ ಸಿಟ್ಟು, ಮಲಗುವಾಗ ಸಿಟ್ಟು. ಆ ಸಿಟ್ಟಿನಿಂದ ಬದುಕಿಕೊಂಡವರು ಜಗಳೂರು ತಾಲ್ಲೂಕಿನಲ್ಲಿ ಇನ್ನೂ ಇದ್ದಾರೆ. ಆಕೆಯಿಂದ ಸಿಟ್ಟನ್ನು ಕಿತ್ತುಕೊಂಡು, ಹೂವಿನ ಹಾರ ಹಾಕಿದ ಒಂದು ಫೋಟೋ ಮಾಡಿ ಗೋಡೆಗೆ ನೇತುಹಾಕಿದರೆ ಎಲ್ಲರಿಗೂ ಅನುಕೂಲ. ನಾನು ಅದಕ್ಕೆ ಒಪ್ಪುವವನಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹೆಸರು ಬರೆಯುವುದಿಲ್ಲ. ಬದುಕಿದ್ದಾಗ ಹಳ್ಳಿಯಲ್ಲಿ ಯಾರೂ ಆಕೆಯನ್ನು ಹೆಸರು ಹಿಡಿದು ಕರೆಯಲಿಲ್ಲ. ಜನಕ್ಕೆ ಆಕೆ ಡಾಕ್ಟರಮ್ಮ. ನನಗೆ ಮೇಡಂ.

ಎಂಬತ್ತರ ದಶಕದ ಆರಂಭದಲ್ಲಿ, ಪಶುವೈದ್ಯ ಓದು ಮುಗಿಸಿ ನಾನು ಜಗಳೂರಿಗೆ ಕೆಲಸಕ್ಕೆ ಬಂದಾಗ ಆಕೆ ಅಲ್ಲಿ ನನಗಿಂತ ಹಿರಿಯ ವೈದ್ಯೆ. ಹೊನ್ನಾಳಿ ಕಡೆಯವರು. ಹೊಳೆದಂಡೆಯ ಭತ್ತದ ಊರಿನಲ್ಲಿ ಹುಟ್ಟಿ, ಕುರಿಗಳ ಸೀಮೆಗೆ ಬಂದು ನಿಂತವರು. ಮೊದಲ ಸಲ ಜಗಳೂರಿಗೆ ಬಂದಾಗ 'ಹೆಣ್ಣು ಡಾಕ್ಟ್ರು ಬಂದಾರೆ' ಅನ್ನುವ ಸುದ್ದಿ ಹಬ್ಬಿ, ಸುತ್ತಲ ಹಳ್ಳಿಗಳಿಂದ ಬಸುರಿಯರು ಆಸ್ಪತ್ರೆ ಮುಂದೆ ಬಂದು ಕೂತಿದ್ದರಂತೆ. "ನಾನು ದನದ ಡಾಕ್ಟ್ರು ಕಣ್ರವ್ವ" ಅಂದಾಗ ಎಲ್ಲರೂ ನಕ್ಕರೂ ಒಬ್ಬಾಕೆ ಮಾತ್ರ ನಗಲಿಲ್ಲವಂತೆ. "ಅಷ್ಟು ದೂರದಿಂದ ಬಂದೀವಿ, ನಮ್ಮನ್ನೂ ಒಂದೀಟು ನೋಡ್ರಿ" ಅಂದಳಂತೆ. ಮೇಡಂ ಆಕೆಯನ್ನು ಕೈಹಿಡಿದು ಪಕ್ಕದ ಬೀದಿಯ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದರೆ ಅಲ್ಲಿ ಡಾಕ್ಟರೇ ಇಲ್ಲ. ಮೇಡಂ ಜಗಳೂರಿನಲ್ಲಿ ಮಾಡಿದ ಮೊದಲ ಜಗಳ ಅದು, ಮನುಷ್ಯರ ಡಾಕ್ಟರು ಯಾಕಿಲ್ಲ ಅಂತ.

ಸೀರೆಯನ್ನು ಮೊಣಕಾಲವರೆಗೆ ಎತ್ತಿ ಸಿಕ್ಕಿಸಿ, ಗಂಡಸರ ಕಪ್ಪು ರಬ್ಬರ್ ಬೂಟು ಹಾಕುತ್ತಿದ್ದರು. ದಪ್ಪ ಗಾಜಿನ ಕನ್ನಡಕ. ಸಿಟ್ಟು ಬಂದಾಗ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಿದ್ದರು. ಒರೆಸುವುದು ಮುಗಿಯುವವರೆಗೆ ಎದುರಿಗಿದ್ದವರಿಗೆ ಓಡಿಹೋಗಲು ಅವಕಾಶ. ಒಮ್ಮೆ ಒಬ್ಬ ಮುದುಕ ತನ್ನ ಟಗರನ್ನು ಹಿಡಿದುಕೊಂಡೇ ನಿಂತು, "ಇದು ಹಾಯ್ತೈತೆ ತಾಯಿ, ಗಂಡಸು ಡಾಕ್ಟ್ರನ್ನ ಕಳಿಸ್ರಿ" ಅಂದ. ಗಂಡಸು ಡಾಕ್ಟರಾದ ನಾನು ಎರಡು ಹೆಜ್ಜೆ ಹಿಂದೆ ನಿಂತಿದ್ದೆ. ಮೇಡಂ ಟಗರಿನ ಗಲ್ಲದ ಕೆಳಗೆ ಒಂದು ಕೈ, ತೊಡೆಗೆ ಒಂದು ಕೈ ಕೊಟ್ಟು, ಒಂದೇ ಸಲಕ್ಕೆ ತಿರುಗಿಸಿ ಕುಂಡಿಯ ಮೇಲೆ ಕೂರಿಸಿಬಿಟ್ಟರು. ಟಗರು ಮದುವೆ ಮನೆಯ ಬೀಗರ ಹಾಗೆ ಕಾಲು ಚಾಚಿ ಕೂತಿತು. "ಗಂಡಸು ಡಾಕ್ಟ್ರು ಕಾಲುಗುರು ಕತ್ತರಿಸ್ತಾರೆ, ಕತ್ತರಿ ಕೊಡಿ ಅವರಿಗೆ" ಅಂದರು.

ಯಾವ ಕುರಿಮರಿ ಕೈಗೆ ಸಿಕ್ಕರೂ ಮೊದಲು ಅದರ ಗಂಟಲಿನ ಕೆಳಗೆ ಹೆಬ್ಬೆಟ್ಟು ಆಡಿಸುವುದು ಆಕೆಯ ಅಭ್ಯಾಸ. ಮುದ್ದು ಮಾಡುತ್ತಾರೆ ಅಂದುಕೊಂಡಿದ್ದೆ. ಹಾಗಲ್ಲ ಅಂತ ತಿಳಿದದ್ದು ಸುಬಾಬುಲ್ ಬಂದಮೇಲೆ.

ಆಗ ಎಲ್ಲರ ಬಾಯಲ್ಲೂ ಸುಬಾಬುಲ್. ಬೇಗ ಬೆಳೆಯುವ ಮರ, ಕಡಿದಷ್ಟೂ ಚಿಗುರುತ್ತದೆ, ಮಳೆ ಕೈಕೊಟ್ಟರೂ ಹಸಿರಾಗಿ ನಿಲ್ಲುತ್ತದೆ. ಸೊಪ್ಪಿನಲ್ಲಿ ಶೇಂಗಾ ಹಿಂಡಿಗೆ ಹತ್ತಿರ ಬರುವಷ್ಟು ಸಸಾರಜನಕ. ದುಬಾರಿ ಹಿಂಡಿ ಯಾಕೆ, ಮರದ ಸೊಪ್ಪೇ ಸಾಕು ಅಂತ ಮೇಲಿನವರು ತೀರ್ಮಾನ ಮಾಡಿದರು. ಬಿಳಿಚೋಡಿನ ಹತ್ತಿರದ ಒಂದು ಹಟ್ಟಿಯಲ್ಲಿ ಕೆಲವು ಹೆಂಗಸರಿಗೆ ಕುರಿಮರಿಗಳನ್ನು ಕೊಟ್ಟು, ರೊಪ್ಪದಲ್ಲೇ, ಅಂದರೆ ಕುರಿದೊಡ್ಡಿಯಲ್ಲೇ, ಕಟ್ಟಿ, ಸುಬಾಬುಲ್ ಸೊಪ್ಪೊಂದನ್ನೇ ತಿನ್ನಿಸಿ ಬೆಳೆಸುವ ಯೋಜನೆ ಬಂತು. ಅದನ್ನು ನಡೆಸುತ್ತಿದ್ದವರು ನಮಗಿಂತ ಬಹಳ ಮೇಲಿನ ಒಬ್ಬ ಸಾಹೇಬರು. ಅವರೂ ಪಶುವೈದ್ಯರೇ. ಈ ಮಾತನ್ನು ಓದುವವರು ದಯವಿಟ್ಟು ಮರೆಯಬಾರದು. ಅವರೂ ಪಶುವೈದ್ಯರೇ.

ಆ ಹೆಂಗಸರಲ್ಲಿ ಮುಂದಾಳು ಹಾಲಮ್ಮ. ಗಂಡ ತೀರಿಕೊಂಡಿದ್ದ. ಉಣ್ಣೆ ನೂತು ಕಂಬಳಿಯವರಿಗೆ ಕೊಟ್ಟು ಬದುಕುತ್ತಿದ್ದವಳು. ಮರಿಯ ಮೊದಲ ಉಣ್ಣೆ ಬಲು ಮೆದು, ಅದರ ನೂಲಿಗೆ ಬೇಡಿಕೆ ಹೆಚ್ಚು. ತನ್ನದೇ ಮರಿ, ತನ್ನದೇ ಉಣ್ಣೆ ಅಂತ ಹಾಲಮ್ಮ ಕುಣಿದಾಡಿದ್ದಳು. ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದಳು. ಮೇಯಲು ಬಿಡಬೇಡ ಅಂದಿದ್ದರು, ಬಿಡಲಿಲ್ಲ. ಸೊಪ್ಪು ಬಿಟ್ಟು ಬೇರೆ ಹಾಕಬೇಡ ಅಂದಿದ್ದರು, ಹಾಕಲಿಲ್ಲ.

ಒಂದು ಬೆಳಗ್ಗೆ ಹಾಲಮ್ಮ ಜಗಳೂರಿನ ಆಸ್ಪತ್ರೆಗೆ ಬಂದು ಸೆರಗಿನ ಗಂಟು ಬಿಚ್ಚಿ ಮೇಜಿನ ಮೇಲೆ ಸುರಿದಳು. ಕಪ್ಪು ಉಣ್ಣೆಯ ಉಂಡೆ.

"ಕತ್ತರಿ ಮುಟ್ಟಿಸಿಲ್ರೀ ಡಾಕ್ಟರಮ್ಮ. ಮೈ ಸವರಿದ್ರೆ ಕೈಗೆ ಬರ್ತೈತೆ. ಮರಿ ಹುಟ್ಟಿದಂಗೆ ಐತೆ, ಬೆಳೀವಲ್ದು. ಜೊಲ್ಲು ಸುರಿಸ್ತೈತೆ."

ಮೇಡಂ ಉಣ್ಣೆಯನ್ನು ನೋಡಿದರು. ಬೂಟು ಹಾಕಿಕೊಂಡರು. ಮೂವರೂ ಬಸ್ಸು ಹಿಡಿದು ಹೋದೆವು. ರೊಪ್ಪದಲ್ಲಿ ಮರಿಗಳು ಅಲ್ಲಲ್ಲಿ ಬೋಳಾಗಿ, ತಲೆ ತಗ್ಗಿಸಿ ನಿಂತಿದ್ದವು. ಮೇಡಂ ಒಂದೊಂದನ್ನೇ ಹಿಡಿದು ಗಂಟಲು ಮುಟ್ಟಿದರು. ಆಮೇಲೆ ನನ್ನ ಬೆರಳನ್ನು ಹಿಡಿದು ಅಲ್ಲಿಟ್ಟರು. ಚರ್ಮದ ಕೆಳಗೆ, ಉಸಿರುನಾಳದ ಎರಡೂ ಪಕ್ಕ, ಹುಣಸೆ ಬೀಜದಷ್ಟು ಇರಬೇಕಾದದ್ದು ಸಣ್ಣ ನಿಂಬೆಹಣ್ಣಿನಷ್ಟಾಗಿತ್ತು. ಥೈರಾಯಿಡ್ ಗ್ರಂಥಿ.

ಹಾಲಮ್ಮನ ಎದುರು ಕುಕ್ಕರುಗಾಲಲ್ಲಿ ಕೂತು ಮೇಡಂ ಹೇಳಿದ್ದು ನನಗೆ ಈಗಲೂ ಕಿವಿಯಲ್ಲಿದೆ. "ಸೊಪ್ಪಿನಾಗೆ ಸತ್ವ ಐತವ್ವ, ಅದು ಸುಳ್ಳಲ್ಲ. ಅದರ ಜೊತೆಗೇ ಒಂದು ವಿಷಾನೂ ಐತೆ. ಒಂದೀಟು ತಿಂದ್ರೆ ಕುರಿ ತಡಕೊಂತೈತೆ. ಅದನ್ನೇ ಊಟ ಮಾಡಿದ್ರೆ ಉಣ್ಣೆ ಬುಡಸಮೇತ ಉದುರ್ತೈತೆ. ಕುತ್ತಿಗೆಯಾಗೆ ಒಂದು ಗಂಟು ಐತಲ್ಲ, ಮೈ ಬೆಳೆಯಾಕೆ ಬೇಕಾದ ರಸ ಮಾಡೋದು ಅದೇ. ಈ ಸೊಪ್ಪು ಅದರ ಕೆಲಸ ನಿಲ್ಲಿಸ್ತೈತೆ. ರಸ ಸಾಲಲಿಲ್ಲ, ಇನ್ನೂ ಮಾಡು, ಇನ್ನೂ ಮಾಡು ಅಂತ ಮೈ ಕೇಳ್ತೈತೆ. ಗಂಟು ದುಡಿದೂ ದುಡಿದೂ ಊದಿಕೊಂತೈತೆ, ರಸ ಮಾತ್ರ ಬರಲ್ಲ. ಬೆಳೆಯೋ ಮರಿಗೆ ಅದಿಲ್ಲ ಅಂದ್ರೆ ಎಲ್ಲಿ ಬೆಳೀತೈತೆ ಹೇಳು?"

"ಹಂಗಾದ್ರೆ ನಾನೇ ವಿಷ ಹಾಕಿದಂಗಾತಲ್ರೀ" ಅಂದಳು ಹಾಲಮ್ಮ.

"ನೀನಲ್ಲ" ಅಂದರು ಮೇಡಂ. ಕನ್ನಡಕ ತೆಗೆದರು.

ಮೇಲಕ್ಕೆ ವರದಿ ಹೋಯಿತು. ಸೊಪ್ಪನ್ನು ಮೂರರಲ್ಲಿ ಒಂದು ಪಾಲಿಗೆ ಇಳಿಸಿ, ಉಳಿದದ್ದು ಹುಲ್ಲು, ಹುರುಳಿ ಹೊಟ್ಟು, ಹಿಂಡಿ ಕೊಡಿ, ಇಲ್ಲವಾದರೆ ಮರಿ ಉಳಿಯುವುದಿಲ್ಲ ಅಂತ. ಮೇಲಿನ ಅಪ್ಪಣೆ ಬರುವವರೆಗೆ ಮೇವು ಬದಲಿಸುವಂತಿರಲಿಲ್ಲ. ಉತ್ತರವಾಗಿ ಬಂದದ್ದು ಅಯೋಡಿನ್ ಬೆರೆಸಿದ ಉಪ್ಪಿನ ಇಟ್ಟಿಗೆಗಳು. ನೆಕ್ಕಿಸಿರಿ, ಬಾವು ಇಳಿಯುತ್ತದೆ ಅಂತ. "ಉಪ್ಪು ಕಮ್ಮಿಯಾಗಿ ಬಂದ ಬಾವಾದ್ರೆ ಉಪ್ಪಿಗೆ ಇಳೀತಿತ್ತು, ಇದು ಸೊಪ್ಪಿಂದ ಬಂದದ್ದು" ಅಂತ ಮೇಡಂ ಮತ್ತೆ ಬರೆದರು. ಮರಿಗಳು ಉಪ್ಪು ನೆಕ್ಕಿದವು. ಬಾವು ಹಾಗೇ ಇತ್ತು. ಕೆಲವು ಸತ್ತವು.

ಆಗ ಸಾಹೇಬರು ಸ್ವತಃ ಬಂದರು. ಜೀಪು, ಹಿಂದೆ ಇನ್ನೊಂದು ಜೀಪು. ಊರಿನ ಪ್ರಮುಖರು, ಕುರ್ಚಿ, ಎಳನೀರು. ಅವರು ರೊಪ್ಪದೊಳಗೆ ಕಾಲಿಡಲಿಲ್ಲ. ಬಾಗಿಲಲ್ಲಿ ನಿಂತು ನೋಡಿ, ಹೆಂಗಸರ ಕಡೆ ತಿರುಗಿದರು.

"ನಾವು ಕೊಟ್ಟ ಮರಿ ಇವಲ್ಲ. ಒಳ್ಳೆ ಮರಿ ಮಾರಿಕೊಂಡು ಎಲ್ಲಿಂದಲೋ ರೋಗದ ಮರಿ ತಂದು ಕಟ್ಟಿದ್ದೀರಿ. ನಿಮ್ಮಂಥವರಿಗೆ ಸವಲತ್ತು ಕೊಡಬಾರದು."

ಇಡೀ ಊರಿನ ಎದುರು. ಮರಿಗಳ ಕಿವಿಯಲ್ಲಿ ಅವರದ್ದೇ ಬಿಲ್ಲೆ ಇತ್ತು. ಹಾಲಮ್ಮ ಒಂದು ಮರಿಯನ್ನು ಎತ್ತಿಕೊಂಡು ಬಂದು ಕಿವಿ ತೋರಿಸಿದಳು. "ಬಿಲ್ಲೆ ಕಿತ್ತು ಬೇರೆಯದಕ್ಕೆ ಹಾಕೋದು ನಿಮಗೆ ಕಷ್ಟವಾ?" ಅಂದರು ಸಾಹೇಬರು. ಬಿಲ್ಲೆ ಕಿತ್ತರೆ ಕಿವಿ ಹರಿಯುತ್ತದೆ. ಹರಿದ ಕಿವಿ ಒಂದೂ ಇರಲಿಲ್ಲ. ಅದು ಅವರಿಗೆ ಗೊತ್ತಿರಲಿಲ್ಲವೇ?

ಮೇಡಂ ಕನ್ನಡಕ ಒರೆಸಲಿಲ್ಲ. ಆ ದಿನ ಮಾತ್ರ ಒರೆಸಲಿಲ್ಲ. ರೊಪ್ಪದ ಮೂಲೆಯಲ್ಲಿ ಅವತ್ತು ಬೆಳಗ್ಗೆ ಸತ್ತಿದ್ದ ಮರಿಯನ್ನು ಎತ್ತಿಕೊಂಡು ಬಂದು ಸಾಹೇಬರ ಜೀಪಿನ ಬಾನೆಟ್ಟಿನ ಮೇಲೆ ಮಲಗಿಸಿದರು. ಡ್ರೈವರ್ "ಅಮ್ಮಾ, ಅಮ್ಮಾ" ಅಂದ. ಮೇಡಂ ಚೀಲದಿಂದ ಚೂರಿ ತೆಗೆದು ಗಂಟಲನ್ನು ಉದ್ದಕ್ಕೆ ಸೀಳಿದರು. ಆ ಕೈ ಆಗಲೂ ಸೌಮ್ಯವಾಗೇ ಇತ್ತು. ಸತ್ತ ಮರಿಗೂ ನೋವಾದೀತು ಅನ್ನುವ ಹಾಗೆ. ಎರಡು ಬೆರಳಲ್ಲಿ ಗ್ರಂಥಿಯನ್ನು ಬಿಡಿಸಿ, ಅಂಗೈಯಲ್ಲಿ ಹಿಡಿದು ಸಾಹೇಬರ ಮುಂದೆ ಚಾಚಿದರು. ಕಡುಗೆಂಪಗೆ, ಉಬ್ಬಿಕೊಂಡು.

"ನೋಡ್ರಿ."

ಸಾಹೇಬರು ಮುಖ ತಿರುಗಿಸಿದರು.

"ನೀವೂ ಇದನ್ನೇ ಓದಿದವರು ಅಲ್ವಾ? ಬೆಳೆಯೋ ಮರಿಗೆ ಇದು ಇಷ್ಟು ದಪ್ಪ ಇರ್ತೈತಾ? ಕೊಂಡು ತಂದ ಮರಿಗೆ ಹಿಂಗಾಗ್ತೈತೆ, ಕೊಟ್ಟ ಮರಿಗೆ ಆಗಲ್ಲ ಅಂತ ಯಾವ ಪುಸ್ತಕದಾಗೆ ಐತ್ರಿ? ಇವರು ನೀವು ಹೇಳಿದ್ದನ್ನೇ ಮಾಡಿದ್ರು. ಮಾತು ಮೀರಿದ್ರೆ, ಕದ್ದು ಮುಚ್ಚಿ ಒಂದು ಹಿಡಿ ಹುರುಳಿ ಹೊಟ್ಟು ಹಾಕಿದ್ರೆ, ಮರಿ ಬದುಕ್ತಿದ್ವು. ನಿಮ್ಮ ಮಾತು ಕೇಳಿದ್ದಕ್ಕೆ ಸತ್ವು!"

ಜೀಪು ಮರಿಯ ರಕ್ತದೊಂದಿಗೇ ಹೊರಟುಹೋಯಿತು. ಸ್ವಲ್ಪ ದಿನಕ್ಕೇ ಮೇಡಂಗೆ ನ್ಯಾಮತಿಗೆ ವರ್ಗ. ಹೆಂಗಸರಿಗೆ ಮುಂದೆ ಯಾವ ಸವಲತ್ತೂ ಇಲ್ಲ. ಊರಲ್ಲಿ ಅವರಿಗೆ 'ಮರಿಕಳ್ಳಿಯರು' ಅನ್ನುವ ಹೆಸರು ನಿಂತಿತು. ನಲ್ಲಿಯ ಹತ್ತಿರ ಜಗಳವಾದರೆ ಮೊದಲು ಹೊರಡುತ್ತಿದ್ದ ಮಾತು ಅದೇ. ಕಂಬಳಿಯವರು ಹಾಲಮ್ಮನ ನೂಲನ್ನು ಹಿಡಿದು ನೋಡಿ, "ಯಾರ ಕುರೀದವ್ವಾ ಇದು?" ಅಂತ ಕೇಳತೊಡಗಿದರು. ಇಷ್ಟೆಲ್ಲ ಆದದ್ದು ಒಬ್ಬ ಓದಿದ ಮನುಷ್ಯ ತನಗೆ ಗೊತ್ತಿದ್ದದ್ದನ್ನು ಗೊತ್ತಿಲ್ಲ ಅಂದದ್ದರಿಂದ. ಗೊತ್ತಿಲ್ಲದವನು ತಪ್ಪು ಮಾಡಿದರೆ ನನಗೆ ಇಷ್ಟು ಹೊಟ್ಟೆ ಉರಿಯುತ್ತಿರಲಿಲ್ಲ.

ವರ್ಗವಾದಮೇಲೂ ಮೇಡಂ ಬಿಳಿಚೋಡನ್ನು ಬಿಡಲಿಲ್ಲ. ರಜೆ ಸಿಕ್ಕಾಗೆಲ್ಲ ನ್ಯಾಮತಿಯಿಂದ ಹೊನ್ನಾಳಿ, ಹೊನ್ನಾಳಿಯಿಂದ ದಾವಣಗೆರೆ, ಅಲ್ಲಿಂದ ಬಿಳಿಚೋಡಿನ ಬಸ್ಸು. ಯೋಜನೆ ಮುಗಿದು ಹೆಂಗಸರು ಸುಬಾಬುಲ್ ನಿಲ್ಲಿಸಿದ ಮೇಲೆ ಉಳಿದ ಮರಿಗಳು ಚೇತರಿಸಿಕೊಂಡವು. ಮೊದಲು ಬಾಯಿ ಬಿಟ್ಟು ತಿನ್ನತೊಡಗಿದವು. ಆಮೇಲೆ ಬೋಳು ಜಾಗದಲ್ಲಿ ಹೊಸ ಉಣ್ಣೆ, ಹಸುಗೂಸಿನ ತಲೆಗೂದಲಿನ ಹಾಗೆ. ಹಾಲಮ್ಮ ಅದನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಮೇಡಂ ಖುಷಿಪಟ್ಟದ್ದನ್ನು ನಾನು ಕಾಣಲಿಲ್ಲ. "ಉಣ್ಣೆ ಬಂತು, ಹೆಸರು ಬರಲಿಲ್ಲ" ಅಂತಿದ್ದರು.

ನ್ಯಾಮತಿಯಲ್ಲಿ ಒಬ್ಬ ರೈತ ಮೇಡಂನ ಮಾತು ಕೇಳಿ, ಬದುವಿನ ಸುಬಾಬುಲ್ ಗಿಡಗಳನ್ನೆಲ್ಲ ಕಡಿಯಲು ಹೊರಟನಂತೆ. ಅವನಿಗೂ ಬೈಗುಳ ಬಿತ್ತು. "ಮರ ಏನು ಮಾಡೈತ್ರಿ ನಿಮಗೆ? ಉಪ್ಪಿನಕಾಯಿ ಚೆನ್ನಾಗೈತೆ ಅಂತ ಅದನ್ನೇ ಊಟ ಮಾಡ್ತೀರಾ? ಬೇರೆ ಮೇವಿನ ಜೊತೆಗೆ ಒಂದು ಪಾಲು ಹಾಕ್ರಿ. ಗಬ್ಬದ ಕುರಿಗೆ ಹಾಕಬ್ಯಾಡ್ರಿ. ಮರಾನ ಬೈಬ್ಯಾಡ್ರಿ, ಬೈಯಾಕೆ ಮನುಷ್ಯರು ಇದಾರೆ."

ಆಮೇಲೆ ಚನ್ನಗಿರಿಗೆ ವರ್ಗ. ಅಲ್ಲಿ ಕೆರೆಬಿಳಚಿಯ ಒಬ್ಬ ಅಡಿಕೆ ಮಂಡಿಯವರು ತಮ್ಮ ಎಮ್ಮೆಗೆಂದು ಕಾರು ಕಳಿಸಿದ್ದರಂತೆ. ಅದೇ ದಾರಿಯಲ್ಲಿ ಒಬ್ಬ ಕೂಲಿಯವನ ಹಸು ಕರು ಹಾಕಲಾರದೆ ಒದ್ದಾಡುತ್ತಿತ್ತು. ಮೇಡಂ ಕಾರು ನಿಲ್ಲಿಸಿ ಇಳಿದು, ಕರು ಎಳೆದು, ಅದೇ ಕೈಯಲ್ಲಿ, ಅದೇ ಸೀರೆಯಲ್ಲಿ ಕಾರಿನ ಸೀಟಿನಲ್ಲಿ ಕೂತು ಮಂಡಿಯವರ ಮನೆಗೆ ಹೋದರಂತೆ. ಸೀಟು ಹಾಳಾಯಿತು ಅಂತ ಅವರು ಗೊಣಗಿದಾಗ, "ಮುಂದಿನ ಸಲ ನಿಮ್ಮ ಎಮ್ಮೆಗೆ ಕರೆಯೋವಾಗ ಸೀಟು ತೆಗೆದಿಟ್ಟು ಕಾರು ಕಳಿಸ್ರಿ" ಅಂದರಂತೆ. ಇದನ್ನು ನನಗೆ ಹೇಳಿದ್ದು ಆ ಮಂಡಿಯವರೇ, ನಗುತ್ತಾ.

ಮೇಡಂ ಚನ್ನಗಿರಿಯಲ್ಲಿದ್ದಾಗಲೇ ದಾವಣಗೆರೆಯಲ್ಲಿ ಒಂದು ತರಬೇತಿ ಸಭೆ ನಡೆಯಿತು. ಸುತ್ತಲ ತಾಲ್ಲೂಕುಗಳ ಪಶುವೈದ್ಯರು, ಒಂದಷ್ಟು ಕುರಿ ಸಾಕುವವರು. ಮುಖ್ಯ ಭಾಷಣ ಅದೇ ಸಾಹೇಬರದು. ವಿಷಯ, ಬೆಳೆಯುವ ಮರಿಗಳಿಗೆ ಬದಲಿ ಮೇವು. ಸಾಹೇಬರು ಮೈಕಿನಲ್ಲಿ ನಿಧಾನವಾಗಿ, ಗಂಭೀರವಾಗಿ ಹೇಳಿದರು: "ಸುಬಾಬುಲ್ ಸೊಪ್ಪು ಒಟ್ಟು ಮೇವಿನ ಮೂರನೇ ಒಂದು ಭಾಗ ಮೀರಬಾರದು. ಮೀರಿದರೆ ಥೈರಾಯಿಡ್ ಕೆಡುತ್ತದೆ, ಉಣ್ಣೆ ಉದುರುತ್ತದೆ, ಬೆಳವಣಿಗೆ ಕುಂಠಿತವಾಗುತ್ತದೆ. ಇದು ನಮ್ಮ ಸ್ವಂತ ಅನುಭವದಲ್ಲಿ ಕಂಡುಕೊಂಡ ವಿಚಾರ."

ಚಪ್ಪಾಳೆ ಬಿತ್ತು. ನನ್ನ ಪಕ್ಕದಲ್ಲಿ ಮೇಡಂ ಎದ್ದು ನಿಂತರು.

"ಅನುಭವ ಅಂದ್ರಲ್ಲ ಸರ್. ಯಾರ ಮರಿ ಮ್ಯಾಲೆ ಆದ ಅನುಭವ?"

"ಹೀಗೇ... ಒಂದು ತಾಲ್ಲೂಕಿನಲ್ಲಿ."

"ಊರು ಯಾವುದು?"

ನಿರೂಪಕರು ಮೈಕಿನ ಹತ್ತಿರ ಬಂದು, ಈಗ ಚಹಾ ವಿರಾಮ ಅಂದರು. ಜನ ಏಳತೊಡಗಿದರು. ಮೇಡಂ ನೇರವಾಗಿ ವೇದಿಕೆಯ ಮೆಟ್ಟಿಲ ಹತ್ತಿರ ಹೋಗಿ ಅಡ್ಡ ನಿಂತರು.

"ಚಹಾ ಎಲ್ಲಿಗೂ ಹೋಗಲ್ಲ. ಸೊಪ್ಪಿಂದ ಮರಿ ಕೆಟ್ಟವು ಅಂತ ನೀವೇ ಹೇಳಿದ್ರಿ. ಹಂಗಾದ್ರೆ ಆ ಹೆಂಗಸರು ಮರಿ ಮಾರಿಕೊಂಡಿರಲಿಲ್ಲ. ಅದನ್ನೂ ಹೇಳಿಬಿಡ್ರಿ."

ಸಾಹೇಬರು ಮೈಕಿನ ಮೇಲೆ ಅಂಗೈ ಮುಚ್ಚಿ ಬಗ್ಗಿದರು. "ಆಯ್ತಮ್ಮ, ಆಗ ಏನೋ ತಪ್ಪು ತಿಳಿವಳಿಕೆ ಆಗಿತ್ತು. ಬಿಡಿ ಈಗ."

"ಕೈ ತೆಗೆದು ಹೇಳ್ರಿ."

ಎದ್ದವರೆಲ್ಲ ನಿಂತಲ್ಲೇ ನಿಂತಿದ್ದರು. ಹಿಂದಿನ ಸಾಲಿನಿಂದ ಒಬ್ಬ ಕುರಿಗಾರ, "ಹೇಳ್ರಿ ಸಾಹೇಬ್ರೆ, ನಾವೂ ಕೇಳ್ತೀವಿ" ಅಂದ. ಸಾಹೇಬರು ಕೈ ತೆಗೆದರು. ಬಿಳಿಚೋಡು ಕಡೆಯ ಆ ಹೆಂಗಸರದು ಯಾವ ತಪ್ಪೂ ಇರಲಿಲ್ಲ, ಮರಿಗಳು ಮೇವಿನಿಂದಲೇ ಕೆಟ್ಟವು ಅಂತ ಮೈಕಿನಲ್ಲಿ ಹೇಳಿದರು. ಹೇಳಿ, ಚಹಾ ಕುಡಿಯದೆ ಹೊರಟುಹೋದರು.

ಹೊರಗೆ ಬಂದಮೇಲೆ ನಾನು ಮೇಡಂನ ಮೇಲೇ ರೇಗಿದೆ. "ಕಂಡುಹಿಡಿದದ್ದು ನೀವು, ಅದನ್ನ ಯಾಕೆ ಹೇಳಲಿಲ್ಲ?"

"ಯಾರು ಹೇಳಿದ್ರೆ ಕುರಿಗೇನ್ರೀ ಡಾಕ್ಟ್ರೇ? ಸೊಪ್ಪು ಕಮ್ಮಿ ಆದ್ರೆ ಸಾಕು."

ಆಕೆಗೆ ಸಾಕಾಗಿತ್ತು. ನನಗೆ ಇವತ್ತಿಗೂ ಸಾಕಾಗಿಲ್ಲ.

ಅಲ್ಲಿಂದಲೇ ಬಿಳಿಚೋಡಿನ ಬಸ್ಸು ಹತ್ತಿದೆವು. ಹಾಲಮ್ಮ ಬಾಗಿಲಲ್ಲಿ ಕೂತು ನೂಲುತ್ತಿದ್ದಳು. ಮೇಡಂ ನಡೆದದ್ದನ್ನೆಲ್ಲ ಹೇಳಿದರು. ಹಾಲಮ್ಮ ಕದಿರು ನಿಲ್ಲಿಸದೆ ಕೇಳಿದಳು.

"ನಾವು ಕಳ್ಳಿಯರಲ್ಲ ಅನ್ನೋದು ನಮಗೆ ಗೊತ್ತಿತ್ತಲ್ರೀ ಡಾಕ್ಟರಮ್ಮ. ಊರಿಗೆ ಗೊತ್ತಾಗಬೇಕಿತ್ತು, ಆತು, ಒಳ್ಳೇದಾತು. ಸತ್ತ ಮರಿ ಬದಲಿಗೆ ಮರಿ ಕೊಡ್ತಾರಂತಾ?"

ಮೇಡಂ, "ಅದನ್ನ ನಾನು ಕೇಳಲೇ ಇಲ್ಲವಲ್ಲೇ" ಅಂದರು. ಆಕೆಯ ದನಿ ಅಷ್ಟು ಸಣ್ಣಗಾದದ್ದು ನಾನು ಕೇಳಿದ್ದು ಅದೊಂದೇ ಸಲ.

ಮರುದಿನದಿಂದ ಶುರುವಾಯಿತು. ಮೇಡಂ ಬಿಡುವಾದಾಗೆಲ್ಲ ಮೇಲಿನ ಕಚೇರಿಯ ಮುಂದಿನ ಬೆಂಚಿನಲ್ಲಿ ಹೋಗಿ ಕೂರುತ್ತಿದ್ದರು. ಒಳಗೆ ಕರೆದರೆ ಹೋಗಿ ಕೇಳುವುದು, ಕರೆಯದಿದ್ದರೆ ಕೂರುವುದು. ಸಾಹೇಬರು ಇಲ್ಲ ಅಂದರೆ, "ಬರ್ತಾರಲ್ಲ, ಕಾಯ್ತೀನಿ." ಕಡತ ಮೇಲೆ ಹೋಗಿದೆ ಅಂದರೆ, "ಇಳಿಯೋತನಕ ಇರ್ತೀನಿ." ಹಾಲಮ್ಮನೂ ಒಮ್ಮೊಮ್ಮೆ ಕದಿರು ತಂದು ಪಕ್ಕದಲ್ಲಿ ಕೂತು ನೂಲುತ್ತಿದ್ದಳು. ಗುಮಾಸ್ತರಿಗೆ ಅದನ್ನು ನೋಡಿ ನೋಡಿ ತಲೆಚಿಟ್ಟು ಹಿಡಿಯಿತಂತೆ.

ಮುಂಗಾರು ಶುರುವಾಗುವ ಮುಂಚೆ ಒಂದು ಮಧ್ಯಾಹ್ನ ಹಟ್ಟಿಗೆ ಲಾರಿ ಬಂತು. ಯಾವ ಸಾಹೇಬರೂ ಜೊತೆಗೆ ಬರಲಿಲ್ಲ. ಕ್ಷಮೆ ಕೇಳುವ ಒಂದು ಮಾತೂ ಬರಲಿಲ್ಲ. ಮರಿಗಳನ್ನು ತಂದಿದ್ದೀವಿ, ಇಳಿಸಿಕೊಳ್ಳಿ ಅಂದ ಡ್ರೈವರ್. ಹೆಂಗಸರು ಒಂದೊಂದನ್ನೇ ಎತ್ತಿ ಇಳಿಸಿದರು. ಮೇಡಂ ಚನ್ನಗಿರಿಯಿಂದ ಬಂದಿದ್ದವರು ರೊಪ್ಪದ ಬಾಗಿಲಲ್ಲಿ ನಿಂತು, ಒಳಗೆ ಹೋಗುವ ಪ್ರತಿ ಮರಿಯ ಗಂಟಲು ಮುಟ್ಟಿ ನೋಡಿ ಬಿಡುತ್ತಿದ್ದರು. ಊರವರೂ ಸೇರಿದ್ದರು. ನಲ್ಲಿಯ ಹತ್ತಿರ ಬೈಯುತ್ತಿದ್ದವಳೇ ಒಂದು ಮರಿಯನ್ನು ಎತ್ತಿಕೊಂಡು ನಿಂತಿದ್ದಳು.

ಹಾಲಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು ಬಂದು, "ಎಲ್ಲಾ ಬಂದ್ವು ಡಾಕ್ಟರಮ್ಮ. ಇವತ್ತಾದ್ರೂ ಒಂದು ಸಲ ನಗ್ರಿ" ಅಂದಳು.

"ನಗಾಕೆ ಏನೈತೆ?" ಅಂದರು ಮೇಡಂ. "ಇವು ನಿಮಗೆ ಅವತ್ತೇ ಬರಬೇಕಿದ್ದ ಮರಿ. ನಿಂತು ನೋಡಬ್ಯಾಡ, ನೀರಿಡು ಮೊದಲು. ಬಿಸಿಲಾಗೆ ಬಂದಾವೆ."